ಲಗ್ನಪತ್ರಿಕೆ ಹೊರಡುವ ಕಾಲ

ಮದುವೆ ಗೊತ್ತಾದ ಮನೆಯಲ್ಲಿ ಒಡವೆ ವಸ್ತ್ರಗಳ ಮಾತು ಹೇಗೋ ಮುಗಿಯುತ್ತದೆ. ಮುಗಿಯದೆ ಉಳಿಯುವುದು ಪತ್ರಿಕೆಯನ್ನು ಎಂದು ಅಚ್ಚಿಗೆ ಕೊಡಬೇಕು, ಎಂದು ಅಂಚೆಗೆ ಹಾಕಬೇಕು ಎಂಬ ಚರ್ಚೆ. ಬೇಗ ಹೋದರೆ ಬಂಧುಗಳು ಮರೆಯುತ್ತಾರೆ, ತಡವಾದರೆ ಮುನಿಯುತ್ತಾರೆ. ಈ ಇಕ್ಕಟ್ಟು ನಮ್ಮ ಕಾಲದ್ದೆಂದು ಭಾವಿಸಬೇಕಾಗಿಲ್ಲ.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಇದರ ಲೆಕ್ಕವೇ ಸಿಗುತ್ತದೆ. ಜನಕನ ದೂತರು ಮೂರು ರಾತ್ರಿಗಳನ್ನು ದಾರಿಯಲ್ಲಿ ಕಳೆದು, ಬಳಲಿದ ಕುದುರೆಗಳೊಡನೆ ಅಯೋಧ್ಯೆಯನ್ನು ಸೇರುತ್ತಾರೆ. ದಶರಥನ ದಿಬ್ಬಣ ನಾಲ್ಕು ದಿನ ನಡೆದು ವಿದೇಹವನ್ನು ಮುಟ್ಟುತ್ತದೆ. ಎಂದರೆ, ಕರೆ ಹೊರಟ ಮೇಲೆ ಬೀಗರು ಬಾಗಿಲಿಗೆ ಬರಲು ಒಂದು ವಾರವಾದರೂ ಬೇಕು. ಭಾಗವತದ ರುಕ್ಮಿಣಿಗೆ ಅಷ್ಟು ವ್ಯವಧಾನವೆಲ್ಲಿ? ನಾಳೆ ಮದುವೆ ಎನ್ನುವಾಗ ಅವಳ ಓಲೆ ಕೃಷ್ಣನ ಕೈ ಸೇರಿತು. ಅವನು ಒಂದೇ ರಾತ್ರಿಯಲ್ಲಿ ರಥ ಓಡಿಸಿಕೊಂಡು ಬಂದ. ಅಂಥ ಅತಿಥಿ ಎಲ್ಲರಿಗೂ ದೊರೆಯುವುದಿಲ್ಲ. ಅಲ್ಲದೆ ಅವನು ಬಂದದ್ದು ಊಟಕ್ಕೂ ಅಲ್ಲ.

ನಮ್ಮಲ್ಲಿ ಲಗ್ನಪತ್ರಿಕೆ ಎಂಬುದು ಮೂಲತಃ ಕರೆಯೋಲೆಯಲ್ಲ. ನಿಶ್ಚಿತಾರ್ಥದ ದಿನ ಪುರೋಹಿತರು ವಧೂವರರ ಹೆಸರು, ವಂಶ, ಮುಹೂರ್ತಗಳನ್ನು ಬರೆದು ಎಲ್ಲರೆದುರು ಓದಿ, ಎರಡೂ ಮನೆಯವರಿಗೆ ಕೊಡುತ್ತಿದ್ದ ಒಪ್ಪಂದದ ಕಾಗದ ಅದು. ಕರೆಯುವುದು ಬೇರೆಯೇ ಕೆಲಸ. ಅದಕ್ಕೆ ಕಾಗದ ಬೇಕಿರಲಿಲ್ಲ. ಬೆಳ್ಳಿಯ ಬಟ್ಟಲಲ್ಲಿ ಅಕ್ಷತೆ, ಕುಂಕುಮದ ಭರಣಿ, ದಣಿಯದ ಕಾಲುಗಳು ಬೇಕಿದ್ದವು. ಮೊದಲ ಕರೆ ಮನೆದೇವರಿಗೆ, ಆಮೇಲೆ ಹಿರಿಯರಿಗೆ, ಆಮೇಲೆ ಊರಿಗೆ. ಈ ಸರದಿ ತಪ್ಪಿದರೆ ಆಗುತ್ತಿದ್ದ ಜಗಳಗಳನ್ನು ಬರೆದಿಟ್ಟಿದ್ದರೆ ಅದೇ ಒಂದು ಮಹಾಕಾವ್ಯವಾಗುತ್ತಿತ್ತು.

ಈ ಕರೆಯನ್ನು ಕಾಗದಕ್ಕೆ ಇಳಿಸಿದ್ದು ಎರಡು ಸಂಸ್ಥೆಗಳು: ಅಂಚೆ ಮತ್ತು ಅಚ್ಚುಕೂಟ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದಲ್ಲಿ, ಮೈಸೂರಿಗೆ ಅಂಚೆ ಬಂದಿತಾದರೂ ಅದು ಅರಮನೆಯ ಕಣ್ಣು ಕಿವಿಯಾಗಿ ದುಡಿಯಿತು. ಮನೆಮನೆಯ ಮದುವೆಯ ಚಿಂತೆ ಅದಕ್ಕಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1854ರಲ್ಲಿ ದೂರ ಎಷ್ಟೇ ಇರಲಿ, ಹಗುರವಾದ ಕಾಗದಕ್ಕೆ ಅರ್ಧಾಣೆ ಎಂಬ ಒಂದೇ ದರ ಗೊತ್ತಾಯಿತು. 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂದಿತು. 1882ರಲ್ಲಿ ಬೆಂಗಳೂರು-ಮೈಸೂರು ರೈಲು ಓಡಿತು. 1889ರಲ್ಲಿ ಮೈಸೂರಿನ ಅಂಚೆ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಮೂವತ್ತೈದು ವರ್ಷಗಳಲ್ಲಿ ನಂಟಸ್ತಿಕೆಯ ಭೂಗೋಳವೇ ಬದಲಾಯಿತೆನ್ನಬೇಕು. ನಾಲ್ಕು ದಿನದ ದಾರಿಯಾಚೆಯ ಸೋದರಮಾವನನ್ನೂ ಕಾಲಾಣೆಗೆ ಕರೆಯಬಹುದಾಯಿತು. ಕರೆಯದಿರುವುದಕ್ಕೆ ಇದ್ದ ಹಳೆಯ ನೆಪವೂ ಅಂದೇ ಹೋಯಿತು.

ಅಚ್ಚಿನ ಕಥೆ ಇದರ ಪಕ್ಕದಲ್ಲೇ ಬೆಳೆಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚು 1841ರಲ್ಲಿ ನಿಂತಿತು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಟಿತು. ಧರ್ಮಕ್ಕೂ ಸುದ್ದಿಗೂ ಬಂದ ಅಚ್ಚು ಬರುಬರುತ್ತ ಊರೂರಿಗೆ ಹರಡಿ ಮದುವೆಗೆ ಒಗ್ಗಿತು. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳಿಲ್ಲ; ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಬಿಡುವಿಲ್ಲ. ಟ್ರೆಡಲ್ ಯಂತ್ರದ ಮುಂದೆ ನಿಂತವರೆಲ್ಲರಿಗೂ ಒಂದೇ ಮುಹೂರ್ತದ ಆತುರ. ನಾನು ಬಾಲ್ಯದಲ್ಲಿ ಕಂಡ ಅಚ್ಚುಕೂಟಗಳಲ್ಲಿ ‘ಸಹಕುಟುಂಬ ಪರಿವಾರ ಸಮೇತರಾಗಿ’ ಎಂಬ ಸಾಲಿನ ಮೊಳೆಗಳನ್ನು ಬಿಚ್ಚದೆ ಹಾಗೆಯೇ ಇಟ್ಟಿರುತ್ತಿದ್ದರು. ಬದಲಾಗುತ್ತಿದ್ದುದು ಚಿರಂಜೀವಿ, ಸೌಭಾಗ್ಯವತಿಯರ ಹೆಸರುಗಳು ಮಾತ್ರ.

ಆದರೂ ಹಿರಿಯರು ಬೇಗ ಅಚ್ಚು ಹಾಕಿಸಲು ಒಪ್ಪುತ್ತಿರಲಿಲ್ಲ. ಇದನ್ನು ಜಿಪುಣತನವೆಂದೋ ಸೋಮಾರಿತನವೆಂದೋ ಹೇಳುವುದು ಅನ್ಯಾಯ. ಅವರ ಭಯ ಸೂತಕದ್ದು. ನಾಂದಿ ಆದ ಮೇಲೆ ಸೂತಕ ಅಡ್ಡಬರುವುದಿಲ್ಲವೆಂಬುದು ಸಂಪ್ರದಾಯ. ಆದರೆ ನಾಂದಿ ಮದುವೆಯ ಹೊಸ್ತಿಲಲ್ಲಿ ಆಗತಕ್ಕದ್ದು. ಅಲ್ಲಿಯವರೆಗೆ ದಾಯಾದಿಗಳಲ್ಲಿ ಯಾರಾದರೂ ಮುದುಕರು ಕಣ್ಣು ಮುಚ್ಚಿದರೆ ಮುಹೂರ್ತ ಮುಂದೆ ಹೋಗುತ್ತದೆ. ಬಾಯಿಮಾತಿನ ಕರೆಯನ್ನು ಇನ್ನೊಂದು ಬಾಯಿಮಾತಿನಿಂದ ತಿದ್ದಬಹುದು. ಅಚ್ಚಾದ ತಾರೀಖನ್ನು ಏನು ಮಾಡುವುದು? ಹೀಗಾಗಿ ಸೂತಕದ ಭಯ ‘ತಡೆ’ ಎಂದಿತು, ದೂರದ ದಾರಿ ‘ಹೊರಡು’ ಎಂದಿತು. ಎಷ್ಟೋ ಮನೆಗಳಲ್ಲಿ ಪತ್ರಿಕೆಯ ದಿನ ಗೊತ್ತಾದದ್ದು ಈ ಎರಡರ ಎಳೆದಾಟದಲ್ಲಿ.

ಅಂಚೆಗೆ ಹಾಕುವುದಕ್ಕೂ ಶಾಸ್ತ್ರವುಂಟು. ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಅಚ್ಚಾದ ಪತ್ರಿಕೆಗೆ ಬುಕ್ ಪೋಸ್ಟಿನ ಅಗ್ಗದ ದರ ಸಲ್ಲಬೇಕಾದರೆ ಲಕೋಟೆಯ ಬಾಯಿ ಅಂಟಿಸುವಂತಿರಲಿಲ್ಲ, ಒಳಗೆ ಖಾಸಗಿ ಕಾಗದ ಇಡುವಂತಿರಲಿಲ್ಲ. ಅತ್ತಿಗೆ ನಾದಿನಿಯರಿಗೆ ಎರಡು ಸಾಲು ಬರೆಯುವ ಆಸೆಯನ್ನು ಆ ಅಗ್ಗದ ದರ ನುಂಗಿಹಾಕಿತು. ಅದರ ಬದಲಿಗೆ ಬಂದದ್ದು, ಖುದ್ದಾಗಿ ಬರಲಾಗದ್ದಕ್ಕೆ ಕ್ಷಮೆ ಕೇಳಿ, ಪತ್ರಿಕೆಯನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಬೇಕೆನ್ನುವ ಅಚ್ಚಿನ ಒಕ್ಕಣೆ. ನಾನು ಈ ಸಾಲನ್ನು ಎಂದೂ ಹಗುರವಾಗಿ ಕಂಡಿಲ್ಲ. ಕಾಲುನಡಿಗೆಯ ಕರೆಯೇ ನಿಜವಾದದ್ದು, ಅಂಚೆಯದು ಅದರ ಪ್ರತಿನಿಧಿ ಎಂದು ಒಂದು ಸಮಾಜ ತಾನೇ ಅಚ್ಚು ಹಾಕಿಸಿ ಹಂಚಿದ ಸಾಕ್ಷ್ಯವದು.

ಆ ಪ್ರತಿನಿಧಿಯನ್ನು ಒಪ್ಪದವಳು ಒಬ್ಬಳಿದ್ದಳು: ಕೊಟ್ಟ ಮನೆಯಲ್ಲಿರುವ ಮಗಳು. ತಮ್ಮನ ಮದುವೆಗೆ ಅವಳನ್ನು ಅಂಚೆಯಲ್ಲಿ ಕರೆದರೆ ಅತ್ತೆಯ ಮನೆಯಲ್ಲಿ ಅವಳು ತಲೆಯೆತ್ತುವುದು ಹೇಗೆ? ಅಣ್ಣನೋ ಅಪ್ಪನೋ ಹೋಗಿ, ಬೀಗರಿಗೆ ಕುಂಕುಮ ಅಕ್ಷತೆ ಕೊಟ್ಟು, ‘ಮಗಳನ್ನು ಕಳುಹಿಸಿಕೊಡಬೇಕು’ ಎಂದು ಕೇಳಬೇಕು. ಅವಳಿಗದು ಊಟದ ಕರೆಯಲ್ಲ. ತವರಿನಲ್ಲಿ ತನಗಿನ್ನೂ ಜಾಗವಿದೆ ಎಂಬುದಕ್ಕೆ ಗುರುತು. ಪತ್ರಿಕೆ ಮೊದಲು ಬಂದು ಅಣ್ಣ ಆಮೇಲೆ ಬಂದರೂ ಅವಳ ಕಣ್ಣಲ್ಲಿ ನೀರು ನಿಲ್ಲುತ್ತಿತ್ತು. ಆದ್ದರಿಂದಲೇ ಬುದ್ಧಿವಂತ ಗೃಹಿಣಿಯರು ಅಂಚೆಯ ಕಟ್ಟನ್ನು ತಡೆಹಿಡಿದು, ಹೆಣ್ಣುಮಕ್ಕಳ ಮನೆಗೆ ಗಂಡಸರನ್ನು ಮುಂಚಿತವಾಗಿ ಓಡಿಸುತ್ತಿದ್ದರು.

1972ರಲ್ಲಿ ಪಿನ್‌ಕೋಡು ಬಂದಿತು. ಹರಕೆಯ ತಂತಿಗಳು 2013ರ ಜುಲೈಯಲ್ಲಿ ತಂತಿಯೊಡನೆಯೇ ಮುಗಿದವು. ಈಗ ಮೊದಲು ಕಲ್ಯಾಣಮಂಟಪದ ಬಿಡುವು, ಆಮೇಲೆ ಪಂಚಾಂಗ. ಪತ್ರಿಕೆಯ ಚಿತ್ರ ಮೊಬೈಲಿನಲ್ಲಿ ಕ್ಷಣದಲ್ಲಿ ಅಮೆರಿಕವನ್ನು ಮುಟ್ಟುತ್ತದೆ. ಮೂಲೆಗೆ ಅರಿಶಿನದ ಬಣ್ಣವನ್ನೂ ಅದರಲ್ಲೇ ಬಳಿದಿರುತ್ತಾರೆ. ಆದರೆ ಅಕ್ಕನ ಮನೆಗೆ ಯಾರು ಹೋಗುತ್ತಾರೆ, ಎಂದು ಹೋಗುತ್ತಾರೆ ಎಂಬ ಮಾತು ಇಂದಿಗೂ ಅಡಿಗೆಮನೆಯಲ್ಲಿಯೇ ತೀರ್ಮಾನವಾಗುತ್ತದೆ.