ಅದು ತೂತಲ್ಲ, ಧೂಳು

ಪೋಸ್ಟು ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡಿಕೊಂಡು ಓದಿ.

ಇವತ್ತು ಧೂಳಿನ ಚರಿತ್ರೆ ಹೇಳ್ತೀನಿ. ನಮ್ಮ ಕೇರಿಯ ಧೂಳಲ್ಲ, ಆಕಾಶದ ಧೂಳು. ಎರಡೂ ಎಲ್ಲಿ ಸೇರುತ್ತವೆ ಅನ್ನೋದು ಓದ್ತಾ ಓದ್ತಾ ಗೊತ್ತಾಗುತ್ತೆ.

ಕರೆಂಟು ಹೋದ ಅಮಾವಾಸ್ಯೆ ರಾತ್ರಿ ಹಳ್ಳಿಯಲ್ಲಿ ತಲೆ ಎತ್ತಿ ನೋಡಿದವರಿಗೆ ಗೊತ್ತು, ಆಕಾಶದ ಉದ್ದಕ್ಕೂ ಹಾಲು ಚೆಲ್ಲಿದ ಹಾಗೆ ಒಂದು ಪಟ್ಟಿ ಇರುತ್ತೆ. ಅದೇ ಕ್ಷೀರಪಥ, ನಾವಿರುವ ಗ್ಯಾಲಕ್ಸಿ. ಆ ಹಾಲಿನ ನಡುನಡುವೆ ಕಪ್ಪು ಕಲೆಗಳಿವೆ. ಅಲ್ಲಿ ಚುಕ್ಕಿಗಳೇ ಕಾಣಲ್ಲ.

ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ 1785ರಲ್ಲಿ ವೃಶ್ಚಿಕ ರಾಶಿಯಲ್ಲಿರುವ ಅಂಥದೊಂದು ಕಪ್ಪು ಜಾಗವನ್ನು 'ತೂತು' ಅಂತಲೇ ಬರೆದ. ಅಲ್ಲಿದ್ದ ನಕ್ಷತ್ರಗಳೆಲ್ಲ ಪಕ್ಕದ ಗುಂಪಿನ ಕಡೆ ಸೆಳೆದುಕೊಂಡು ಹೋಗಿ ಜಾಗ ಖಾಲಿ ಬಿದ್ದಿದೆ ಅನ್ನೋದು ಅವನ ಲೆಕ್ಕ. ದೊಡ್ಡವರು ಹೇಳಿದ ಮೇಲೆ ಮುಗೀತಲ್ಲ. ಮುಂದಿನ ನೂರು ವರ್ಷ ಹೆಚ್ಚಿನವರು ಅದನ್ನೇ ನಂಬಿದರು. ಅಲ್ಲಿ ಏನೂ ಇಲ್ಲ, ಖಾಲಿ.

ಈ ಮಾತು ನಮಗೆ ಹೊಸದಲ್ಲ. ಹೊಲಗೇರಿಗೆ ಚರಿತ್ರೆ ಇಲ್ಲ, ಮಾದಿಗರ ಹಟ್ಟಿಯಲ್ಲಿ ಜ್ಞಾನ ಇಲ್ಲ, ಅಲ್ಲಿ ನೋಡೋಕೆ ಏನಿದೆ ಅಂದವರನ್ನ ನಾವು ಬೇಕಾದಷ್ಟು ನೋಡಿದ್ದೀವಿ.

ಆಕಾಶದ ಆ ತೂತನ್ನ ತೂತಲ್ಲ ಅಂತ ತೋರಿಸೋಕೆ ದಾರಿ ಮಾಡಿದವರು ಯಾರು ನೋಡಿ.

ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಹುಟ್ಟಿದ್ದು 1857ರಲ್ಲಿ, ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದರು. ತಾಯಿ ಮೇಣದ ಹೂವು ಮಾಡಿ ಸಂಸಾರ ತೂಗಿಸುತ್ತಿದ್ದಳು. ಹುಡುಗ ಶಾಲೆಗೆ ಹೋಗಿದ್ದು ಒಟ್ಟು ಎರಡೇ ತಿಂಗಳು. 1866ರಲ್ಲಿ, ಒಂಬತ್ತು ವರ್ಷ ತುಂಬುವ ಆಸುಪಾಸಿನಲ್ಲೇ, ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ. ಮಾಳಿಗೆ ಮೇಲೆ ಫೋಟೋ ದೊಡ್ಡದು ಮಾಡುವ ಭಾರಿ ಯಂತ್ರ ಇತ್ತು, ಬಿಸಿಲಿನಲ್ಲೇ ನಡೆಯುವಂಥದ್ದು. ಸೂರ್ಯ ಸರಿದ ಹಾಗೆ ಅದನ್ನೂ ಚಕ್ರ ತಿರುಗಿಸಿ ಸರಿಸ್ತಾ ಇರಬೇಕು. ದಿನವಿಡೀ ಅದೇ ಕೆಲಸ. ಮುಂಚೆ ಇದ್ದ ಹುಡುಗರು ನಿದ್ದೆ ಹೋಗ್ತಿದ್ದರಂತೆ, ಇವನು ಹೋಗಲಿಲ್ಲ. ಸೂರ್ಯನ ನಡೆ ಅವನಿಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ, ಕೂಲಿಯಿಂದ.

ಆ ಸ್ಟುಡಿಯೋದಲ್ಲೇ ಸುಮಾರು 17 ವರ್ಷ ದುಡಿದ. 1877ರಲ್ಲಿ 380 ಡಾಲರ್ ಕೊಟ್ಟು ಐದು ಇಂಚಿನ ದೂರದರ್ಶಕ ಕೊಂಡ. ಅವನ ಒಂದು ವರ್ಷದ ದುಡಿಮೆಯ ಮೂರನೇ ಎರಡು ಭಾಗ ಅದು! ಹೊಸ ಧೂಮಕೇತು ಕಂಡುಹಿಡಿದರೆ 200 ಡಾಲರ್ ಬಹುಮಾನ ಅಂತ ಒಬ್ಬ ಶ್ರೀಮಂತ ಘೋಷಿಸಿದ್ದ. ಬರ್ನಾರ್ಡ್ ಒಂದಾದ ಮೇಲೊಂದು ಧೂಮಕೇತು ಹಿಡಿದು ಆ ದುಡ್ಡಲ್ಲಿ ಮನೆ ಕಟ್ಟಿಸಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರತಿಭೆ ಇದ್ದರೆ ಸಾಕು, ಮೀಸಲಾತಿ ಯಾಕೆ ಅನ್ನೋರಿಗೆ ಈ ಕತೆ ಸಿಕ್ಕಿದರೆ ಕುಣಿದಾಡ್ತಾರೆ. ಪೂರ್ತಿ ಕೇಳಲಿ. ಊರಿನ ಆಕಾಶಪ್ರಿಯರು ದುಡ್ಡು ಕೂಡಿಸಿ ನೆರವಾಗಿದ್ದಕ್ಕೆ 1883ರಲ್ಲಿ ಅವನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದ. ಅಂದರೆ ಯಾರೋ ಕೈ ಹಿಡಿದರು, ಬಾಗಿಲು ತೆಗೆದರು. ಆ ಬಾಗಿಲು ತೆಗೆದಿದ್ದು ಅವನು ಬಿಳಿಯ ಅನ್ನೋದಕ್ಕೂ ಹೌದು. ಅದೇ ನ್ಯಾಶ್‌ವಿಲ್‌ನಲ್ಲಿ, ಅದೇ 1866ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಫಿಸ್ಕ್ ಶಾಲೆ ಶುರುವಾಯ್ತು, ಸೈನ್ಯ ಬಿಟ್ಟುಹೋದ ಆಸ್ಪತ್ರೆ ಕಟ್ಟಡದಲ್ಲಿ. ವ್ಯಾಂಡರ್‌ಬಿಲ್ಟ್ ಒಬ್ಬ ಕಪ್ಪು ವಿದ್ಯಾರ್ಥಿಯನ್ನ ಒಳಗೆ ಬಿಟ್ಟಿದ್ದು 1953ರಲ್ಲಿ! ಬರ್ನಾರ್ಡ್‌ನಷ್ಟೇ ಚುರುಕಾದ ಎಷ್ಟು ಕಪ್ಪು ಹುಡುಗರು ಆ ಊರಲ್ಲಿ ಯಂತ್ರ ತಿರುಗಿಸ್ತಾನೇ ಉಳಿದುಬಿಟ್ಟರೋ, ಲೆಕ್ಕ ಇಟ್ಟವರು ಯಾರು?

ಮುಂದೆ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಬರ್ನಾರ್ಡ್‌ಗೆ ಕೆಲಸ ಸಿಕ್ತು. 1889ರಿಂದ ಕ್ಷೀರಪಥದ ಫೋಟೋ ತೆಗೆಯೋಕೆ ಶುರುಮಾಡಿದ. ಬಳಸಿದ ಲೆನ್ಸು ಯಾವುದು ಗೊತ್ತಾ? ಸ್ಟುಡಿಯೋದಲ್ಲಿ ಮನುಷ್ಯರ ಮುಖದ ಫೋಟೋ ತೆಗೆಯೋಕೆ ಇಟ್ಟುಕೊಂಡಿದ್ದ ಸೆಕೆಂಡ್ ಹ್ಯಾಂಡ್ ಲೆನ್ಸು. ಗಂಟೆಗಟ್ಟಲೆ ಒಂದೇ ಪ್ಲೇಟಿಗೆ ಬೆಳಕು ಬೀಳೋ ಹಾಗೆ ದೂರದರ್ಶಕವನ್ನ ಆಕಾಶದ ಜೊತೆ ಸರಿಸ್ತಾ ಕೂರಬೇಕು. ಮಾಳಿಗೆ ಮೇಲಿನ ಹುಡುಗ ಕಲಿತ ಕೆಲಸವೇ ಅದು. ಆ ಫೋಟೋಗಳಲ್ಲಿ ಕಪ್ಪು ಕಲೆಗಳಿಗೆ ಅಂಚು ಕಾಣಿಸಿತು, ಆಕಾರ ಕಾಣಿಸಿತು.

ಅವನೂ ಮೊದಲು ತೂತು ಅಂತಲೇ ತಿಳಿದಿದ್ದ. ಸಂಶಯ ನಿಧಾನಕ್ಕೆ ಬೆಳೀತು. 1913ರ ಬೇಸಿಗೆಯ ಒಂದು ರಾತ್ರಿ, ಧನುರಾಶಿಯ ದಟ್ಟ ನಕ್ಷತ್ರಗಳ ಮುಂದೆ ಭೂಮಿಯ ಚಿಕ್ಕ ಚಿಕ್ಕ ಮೋಡಗಳು ತೇಲಿದವು. ಬೆಳಕಿನ ಎದುರು ಅವು ಮಸಿ ಹನಿಗಳಷ್ಟು ಕಪ್ಪಾಗಿದ್ದವು, ತನ್ನ ಪ್ಲೇಟಿನಲ್ಲಿರೋ ಕಲೆಗಳ ಹಾಗೇ. ಹಾಗಾದರೆ ಅಲ್ಲೂ ಏನೋ ಅಡ್ಡ ಇದೆ!

1919ರಲ್ಲಿ ಅಂಥ 182 ಕಪ್ಪು ಕಲೆಗಳಿಗೆ ನಂಬರ್ ಕೊಟ್ಟು ಪಟ್ಟಿ ಪ್ರಕಟಿಸಿದ. ನಾನು ಗುಮಾಸ್ತ, ನನಗೆ ಪಟ್ಟಿಯ ಬೆಲೆ ಗೊತ್ತು. ರಿಜಿಸ್ಟರ್‌ನಲ್ಲಿ ನಂಬರ್ ಬೀಳದ ಅರ್ಜಿ ಇದ್ದೂ ಇಲ್ಲದ ಹಾಗೆ. ಅದೇ 1919ರ ಜನವರಿಯಲ್ಲಿ ಬಾಬಾಸಾಹೇಬರು ಸೌತ್‌ಬರೋ ಸಮಿತಿ ಮುಂದೆ ನಿಂತು ಅಸ್ಪೃಶ್ಯರಿಗೆ ಅವರದೇ ಪ್ರಾತಿನಿಧ್ಯ ಬೇಕು ಅಂತ ಸಾಕ್ಷ್ಯ ಹೇಳಿದರು. ಒಬ್ಬರಿಗೊಬ್ಬರು ಸಂಬಂಧವಿಲ್ಲ. ಆದರೂ ಆ ವರ್ಷ ಅಲ್ಲೊಬ್ಬ ಆಕಾಶದ ಕಪ್ಪನ್ನು ಲೆಕ್ಕಕ್ಕೆ ತಂದ, ಇಲ್ಲೊಬ್ಬರು ಲೆಕ್ಕಕ್ಕಿಲ್ಲದ ಜನರನ್ನ ಲೆಕ್ಕಕ್ಕೆ ತಂದರು.

ಬರ್ನಾರ್ಡ್ ಪಟ್ಟಿಯಲ್ಲಿ 33ನೇ ನಂಬರಿನದು ಕುದುರೆ ತಲೆಯ ಆಕಾರದ ಮೋಡ. ಅದನ್ನ ಮೊದಲು ಗುರುತಿಸಿದ್ದು ಮಾತ್ರ ಬರ್ನಾರ್ಡ್ ಅಲ್ಲ, ಮನೆಗೆಲಸದಾಕೆಯಾಗಿದ್ದ ವಿಲಿಯಮಿನಾ ಫ್ಲೆಮಿಂಗ್. ಸ್ಕಾಟ್ಲೆಂಡಿನಿಂದ ಬಾಸ್ಟನ್‌ಗೆ ಬಂದ ಹೆಣ್ಣುಮಗಳು. ಬಸುರಿಯಾಗಿದ್ದಾಗಲೇ ಗಂಡ ಬಿಟ್ಟುಹೋದ. ಹೊಟ್ಟೆಪಾಡಿಗೆ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಆತ ಆಕೆಯನ್ನ ವೀಕ್ಷಣಾಲಯದ ಲೆಕ್ಕದ ಕೆಲಸಕ್ಕೆ ಹಾಕಿದ. 1888ರ ಒಂದು ಫೋಟೋ ಪ್ಲೇಟಿನಲ್ಲಿ, ಬೆಳಗುವ ಮೋಡದ ಅಂಚನ್ನ ಕಚ್ಚಿದ ಹಾಗಿದ್ದ ಆ ಕಪ್ಪನ್ನ ಕಂಡವಳು ಆಕೆ. 1895ರಲ್ಲಿ ಬಂದ ದೊಡ್ಡ ಪಟ್ಟಿಯಲ್ಲಿ ಬಿದ್ದ ಹೆಸರು? ಪಿಕರಿಂಗ್. ಆಫೀಸಲ್ಲಿ ಕೂತವರಿಗೆ ಇದು ಅರ್ಥವಾಗುತ್ತೆ. ಟಿಪ್ಪಣಿ ಬರೆಯೋನು ಕೇಸ್ ವರ್ಕರ್, ಹೆಸರು ಸಹಿ ಹಾಕಿದವರದು. 1900ರಲ್ಲಿ ಆಕೆ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ, ಗಂಡಸರಿಗೆ 2,500 ಡಾಲರ್, ನನಗೆ 1,500 ಅಂತ.

ಆಕೆ ಮತ್ತು ಜೊತೆಗಾರ್ತಿಯರು ನಕ್ಷತ್ರಗಳ ಬೆಳಕನ್ನ ವಿಂಗಡಿಸಿ ಸಾವಿರಾರು ನಕ್ಷತ್ರಗಳನ್ನ ಗುಂಪು ಮಾಡಿದರು. ಆ ಗುಂಪುಗಳು ಯಾಕೆ ಹಾಗಿವೆ ಅಂತ 1920ರಲ್ಲಿ ಸಮೀಕರಣ ಬರೆದು ತೋರಿಸಿದವರು ನಮ್ಮವರು, ಮೇಘನಾದ್ ಸಹಾ. ಢಾಕಾ ಹತ್ತಿರದ ಹಳ್ಳಿಯ ಸಣ್ಣ ಅಂಗಡಿಯವರ ಮಗ. ಕಲ್ಕತ್ತೆಯ ಹಿಂದೂ ಹಾಸ್ಟೆಲ್‌ನಲ್ಲಿ ಜಾತಿಯ ಕಾರಣಕ್ಕೆ ಅವರ ಊಟದ ಸಾಲೇ ಬೇರೆ, ಸರಸ್ವತಿ ಪೂಜೆಗೂ ಸೇರಿಸುತ್ತಿರಲಿಲ್ಲ. ವಿದ್ಯೆಯ ದೇವತೆಯ ಹತ್ತಿರ ಬಿಡದವರು ಈಗ ಆ ಸಮೀಕರಣವನ್ನೇ ಬಾಯಿಪಾಠ ಮಾಡ್ತಾರೆ.

ಸರಿ, ಮತ್ತೆ ಧೂಳಿಗೆ ಬರೋಣ. ಅಲ್ಲಿ ಏನೋ ಇದೆ ಅನ್ನೋದಕ್ಕೆ ಗಟ್ಟಿ ಪುರಾವೆ ಬಂದಿದ್ದು 1930ರಲ್ಲಿ. ಲಿಕ್‌ನ ರಾಬರ್ಟ್ ಟ್ರಂಪ್ಲರ್ 100 ನಕ್ಷತ್ರಗುಚ್ಛಗಳ ದೂರವನ್ನ ಎರಡು ರೀತಿ ಅಳೆದ. ದೂರ ಹೋದಷ್ಟೂ ಗುಚ್ಛ ಚಿಕ್ಕದಾಗಿ ಕಾಣಬೇಕು, ಮಂಕಾಗಿಯೂ ಕಾಣಬೇಕು. ಆದರೆ ಗಾತ್ರ ಹೇಳೋ ದೂರಕ್ಕೂ ಬೆಳಕು ಹೇಳೋ ದೂರಕ್ಕೂ ತಾಳೆಯಾಗಲಿಲ್ಲ. ಇರಬೇಕಾದ್ದಕ್ಕಿಂತ ಮಂಕು, ಜೊತೆಗೆ ಕೆಂಪು. ನಡುವೆ ಯಾವುದೋ ಧೂಳು ಬೆಳಕು ತಿಂತಾ ಇದೆ. ಕಣ ಎಷ್ಟು ಸಣ್ಣದು ಅಂದರೆ ಬೀಡಿ ಹೊಗೆಯ ಕಣಗಳ ಲೆಕ್ಕದ್ದು. ಮಣ್ಣು ರಸ್ತೇಲಿ ಲಾರಿ ಹೋದ ಮೇಲೆ ಮುಳುಗೋ ಸೂರ್ಯ ಹೇಗೆ ಕೆಂಪಗೆ ಕಾಣ್ತಾನೋ ಹಾಗೆ.

ಈ ಲೆಕ್ಕ ಸಿಗೋವರೆಗೂ ಆಗಿದ್ದ ಎಡವಟ್ಟು ಏನು ಗೊತ್ತಾ? ಹರ್ಷೆಲ್ ನಕ್ಷತ್ರ ಎಣಿಸಿ ಗ್ಯಾಲಕ್ಸಿಯ ನಕ್ಷೆ ಬರೆದಾಗ ಸೂರ್ಯ ಹೆಚ್ಚುಕಡಿಮೆ ಮಧ್ಯದಲ್ಲಿದ್ದ. 1922ರಲ್ಲಿ ಹಾಲೆಂಡಿನ ಕಾಪ್ಟೈನ್ ಬರೆದಾಗಲೂ ಮಧ್ಯದ ಹತ್ತಿರವೇ. ಯಾಕೆ? ಮಂಜಿನಲ್ಲಿ ನಿಂತವನಿಗೆ ಸುತ್ತಲೂ ಒಂದೇ ದೂರ ಕಾಣುತ್ತೆ, ಹಾಗಾಗಿ ತಾನೇ ನಡುವೆ ಇದ್ದೀನಿ ಅನ್ಸುತ್ತೆ. ನಿಜವಾಗಿ ಗ್ಯಾಲಕ್ಸಿಯ ಕೇಂದ್ರ ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ.

ಧೂಳನ್ನ ಲೆಕ್ಕಕ್ಕೆ ತಗೊಳ್ಳದವನು ತಾನೇ ಕೇಂದ್ರ ಅಂದುಕೊಳ್ತಾನೆ. ಅಗ್ರಹಾರದಲ್ಲಿ ಕೂತು ಚರಿತ್ರೆ ಬರೆದವರಿಗೂ ಆಗಿದ್ದು ಇದೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆ ಕಪ್ಪಿನೊಳಗೆ ಏನು ನಡೀತಿದೆ?

1947ರಲ್ಲಿ ಬಾರ್ಟ್ ಬೋಕ್ ಮತ್ತು ಎಡಿತ್ ರೈಲಿ, ಸಣ್ಣ ಸಣ್ಣ ಕಪ್ಪು ಉಂಡೆಗಳನ್ನ ತೋರಿಸಿ, ಇವು ಹುಳುವಿನ ಗೂಡಿನ ಹಾಗೆ, ಒಳಗೆ ನಕ್ಷತ್ರ ಹುಟ್ಟುತ್ತಿರಬಹುದು ಅಂದರು. 1990ರಲ್ಲಿ ಇನ್‌ಫ್ರಾರೆಡ್‌ನಲ್ಲಿ, ಅಂದರೆ ಧೂಳನ್ನ ದಾಟಿ ಬರೋ ಶಾಖದ ಬೆಳಕಿನಲ್ಲಿ ನೋಡಿದಾಗ, ಎಷ್ಟೋ ಗೂಡುಗಳೊಳಗೆ ಎಳೆ ನಕ್ಷತ್ರಗಳಿದ್ದವು. ತೂತು ಅಂದಿದ್ದು ಹೆರಿಗೆ ಮನೆಯಾಗಿತ್ತು!

ಧೂಳಿಲ್ಲದೆ ಆ ಹೆರಿಗೆ ಸಲೀಸಲ್ಲ. ನಕ್ಷತ್ರಗಳ ನಡುವಿನ ವಸ್ತುವಿನಲ್ಲಿ ಧೂಳಿನ ಪಾಲು ಬರೀ ನೂರಕ್ಕೆ ಒಂದು. ಉಳಿದಿದ್ದು ಹೈಡ್ರೋಜನ್ನು, ಹೀಲಿಯಂನಂಥ ಅನಿಲ. ಆದರೆ ಆ ಒಂದು ಪಾಲು ಹೊರಗಿನ ಸುಡುವ ಬೆಳಕನ್ನ ತಡೆದು ಒಳಗೆ ತಂಪು ಕಾಯುತ್ತೆ, ಸೊನ್ನೆಗಿಂತ 263 ಡಿಗ್ರಿ ಕೆಳಗೆ. ಹೈಡ್ರೋಜನ್ ಪರಮಾಣುಗಳು ಜೋಡಿಯಾಗೋದು ಆ ಧೂಳಿನ ಕಣದ ಮೈಮೇಲೆ. ತಂಪಾಗಿ ದಟ್ಟವಾದ ಅನಿಲ ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರವಾಗುತ್ತೆ.

ಗ್ಯಾಲಕ್ಸಿಗಳ ಕತೆಯೂ ಅಷ್ಟೇ. 1995ರಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಚೂರನ್ನ ಹತ್ತು ದಿನ ದಿಟ್ಟಿಸಿ ಸಾವಿರಾರು ಗ್ಯಾಲಕ್ಸಿಗಳ ಫೋಟೋ ಕೊಟ್ಟಿತು. 1998ರಲ್ಲಿ ಹವಾಯಿಯ ಇನ್ನೊಂದು ದೂರದರ್ಶಕ ಅದೇ ಚೂರನ್ನ, ಧೂಳು ಸೂಸುವ ಬೆಳಕಿನಲ್ಲಿ ನೋಡಿತು. ಅಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಕಂಡಿದ್ದು ಹಬಲ್ ಫೋಟೋದಲ್ಲಿ ಇರಲೇ ಇಲ್ಲ. ಅದೊಂದು ಗ್ಯಾಲಕ್ಸಿ. ಅದರ ಬೆಳಕು ಹೊರಟು ಸುಮಾರು 1,250 ಕೋಟಿ ವರ್ಷ ಆಗಿದೆ ಅಂತ 2012ರಲ್ಲಿ ಗೊತ್ತಾಯ್ತು. ನಮ್ಮ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯನಷ್ಟು ನಕ್ಷತ್ರ ಹುಟ್ಟಿದರೆ ಅಲ್ಲಿ ನೂರಾರು ಸೂರ್ಯನಷ್ಟು. ಅತಿ ಹೆಚ್ಚು ದುಡೀತಿದ್ದ ಜಾಗವೇ ಫೋಟೋದಿಂದ ಹೊರಗೆ! ಈ ವಿಶ್ವದಲ್ಲಿ ಇದುವರೆಗೆ ನಕ್ಷತ್ರಗಳು ಸೂಸಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನ ಧೂಳು ಹೀರಿಕೊಂಡಿದೆ. ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆದರೆ ಅರ್ಧ ಚರಿತ್ರೆಯೇ ಹೋಯ್ತು.

ಆ ಧೂಳು ಬಂದಿದ್ದು ಸತ್ತ, ಸಾಯುತ್ತಿರುವ ನಕ್ಷತ್ರಗಳಿಂದ. ಅದೇ ಕಾರ್ಬನ್, ಕಬ್ಬಿಣ, ಸಿಲಿಕಾನ್ ಸೇರಿ ಭೂಮಿಯಾಯ್ತು. ನಮ್ಮ ರಕ್ತದ ಕಬ್ಬಿಣವೂ ಅದೇ. ಬ್ರಾಹ್ಮಣನ ರಕ್ತದ್ದೂ ಅದೇ.

ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು, ತಾವು ತುಳಿದ ಧೂಳನ್ನ ತಾವೇ ಗುಡಿಸುತ್ತಾ ನಡೀಬೇಕಿತ್ತು ಅಂತ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಆ ಧೂಳು ತುಳಿದ ಸವರ್ಣ ಮೈಲಿಗೆ ಆಗ್ತಾನಂತೆ. ಯಾವ ಧೂಳಿನಿಂದ ಅವನ ಮೈ ಆಗಿದೆಯೋ ಅದೇ ಧೂಳಿನಿಂದ ಮೈಲಿಗೆ!

2016ರ ಜನವರಿ 17ರಂದು ಹೈದರಾಬಾದ್‌ನಲ್ಲಿ ನಮ್ಮನ್ನ ಬಿಟ್ಟುಹೋದ ರೋಹಿತ್ ವೇಮುಲ ಕೊನೆಯ ಪತ್ರದಲ್ಲಿ ಬರೆದಿದ್ದ, ಕಾರ್ಲ್ ಸಾಗನ್ ಥರ ವಿಜ್ಞಾನ ಬರೆಯೋ ಆಸೆ ಇತ್ತು ಅಂತ. ಮನುಷ್ಯನನ್ನ ನಕ್ಷತ್ರದ ಧೂಳಿನಿಂದಾದ ಒಂದು ಮನಸ್ಸಾಗಿ ಯಾರೂ ಕಾಣಲಿಲ್ಲ ಅಂತಲೂ. ಎಷ್ಟೋ ಜನ ಅದನ್ನ ಕವಿತೆ ಅಂದುಕೊಂಡರು. ನಕ್ಷತ್ರದ ಧೂಳು ಅನ್ನೋದು ಬರೀ ಉಪಮೆ ಅಲ್ಲ, ವಿಜ್ಞಾನ. ಅವನು ಬರೆಯಬೇಕಿದ್ದ ಪುಸ್ತಕಗಳು ಈಗ ಯಾವ ಲೈಬ್ರರಿಯಲ್ಲೂ ಸಿಗಲ್ಲ.

ನಮ್ಮ ಹಾಸ್ಟೆಲ್‌ಗಳ ಮಕ್ಕಳಿಗೆ ಜಯಂತಿ ದಿನ ಭಾಷಣ ಮಾಡ್ತೀವಿ, ಮಾಡೋಣ. ಒಂದು ರಾತ್ರಿ ಅವರನ್ನ ಮಾಳಿಗೆ ಮೇಲಕ್ಕೂ ಕರಕೊಂಡು ಹೋಗೋಣ. ಮೇ ತಿಂಗಳು ಮೋಡವಿಲ್ಲದ ರಾತ್ರಿ ಲೈಟು ಆರಿಸಿ ದಕ್ಷಿಣಕ್ಕೆ ನೋಡಿದರೆ ವೃಶ್ಚಿಕ ಕಾಣುತ್ತೆ. ಅಲ್ಲಿನ ಕಪ್ಪು ತೋರಿಸಿ ಹೇಳಿ: ಮಗಾ, ದೊಡ್ಡೋರು ಅದನ್ನ ತೂತು ಅಂದಿದ್ದರು. ಶಾಲೆಗೆ ಎರಡೇ ತಿಂಗಳು ಹೋದ ಒಬ್ಬ ಅಲ್ಲೇನೋ ಇದೆ ಅಂದ. ನೀನು ಇನ್ನೂ ಸರಿಯಾಗಿ ನೋಡು.

ಜೈ ಭೀಮ್.