ಹೆತ್ತವರ ಆರೈಕೆಗೆ ನಿಂತ ಮಕ್ಕಳು: ಮಾಪನದ ಇತಿಹಾಸ

ಕಾಯಿಲೆ, ಕುಡಿತ, ವಿಚ್ಛೇದನ, ಬಡತನ ಇಂಥ ಕಾರಣಗಳಿಂದ ಅಪ್ಪ-ಅಮ್ಮ ಕೈಲಾಗದವರಾದಾಗ ಮಗುವೇ ಅವರನ್ನು ನೋಡಿಕೊಳ್ಳುವ ಸ್ಥಿತಿಯನ್ನು ಮನೋವಿಜ್ಞಾನಿಗಳು ಪೇರೆಂಟಿಫಿಕೇಷನ್ ಎನ್ನುತ್ತಾರೆ. ಇದನ್ನು ಅಳೆಯುವ ಕೆಲಸ ಅಮೆರಿಕದಲ್ಲಿ ಕುಟುಂಬ ಚಿಕಿತ್ಸಕರಿಂದ ಶುರುವಾಯಿತು, ಬ್ರಿಟನ್ನಿನಲ್ಲಿ ಸಮಾಜನೀತಿಯ ಸಂಶೋಧಕರಿಂದ.

ನ್ಯೂಯಾರ್ಕಿನ ಬಡ ಕುಟುಂಬಗಳನ್ನು ಅಧ್ಯಯನ ಮಾಡಿದ ಸಾಲ್ವಡಾರ್ ಮಿನುಚಿನ್ ಮತ್ತು ಸಂಗಡಿಗರು ತಂದೆ-ತಾಯಿಯ ಜಾಗದಲ್ಲಿ ನಿಂತ ಮಗುವನ್ನು 1967ರಲ್ಲೇ ಗುರುತಿಸಿದ್ದರು. 1973ರಲ್ಲಿ ಇವಾನ್ ಬೊಸೊರ್ಮೆನಿ-ನಾಜ್ ಮತ್ತು ಜೆರಾಲ್ಡೀನ್ ಸ್ಪಾರ್ಕ್ ಇದಕ್ಕೆ ನ್ಯಾಯದ ಪ್ರಶ್ನೆಯನ್ನು ಸೇರಿಸಿದರು: ಮಗು ಕೊಟ್ಟಿದ್ದಕ್ಕೆ ಮನೆಯಿಂದ ಅದಕ್ಕೆ ಸಿಕ್ಕಿದ್ದೇನು? ಆದರೆ ಆಗ ಕೈಯಲ್ಲಿದ್ದದ್ದು ಚಿಕಿತ್ಸಕರ ಅನುಭವ ಮಾತ್ರ, ಅಂಕಿಗಳಲ್ಲ.

ಮೊದಲ ಪ್ರಶ್ನಾವಳಿಗಳು ಬಂದದ್ದು 1980ರ ದಶಕದಲ್ಲಿ. 1986ರಲ್ಲಿ ಸೆಷನ್ಸ್ ಮತ್ತು ಗ್ರೆಗರಿ ಜುರ್ಕೊವಿಕ್ ರೂಪಿಸಿದ ಪ್ರಶ್ನಾವಳಿಯಲ್ಲಿ 42 ಹೇಳಿಕೆಗಳಿದ್ದವು. ದೊಡ್ಡವರಾದವರು ತಮ್ಮ ಬಾಲ್ಯವನ್ನು ನೆನೆದು ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕಿತ್ತು. ನೆನಪನ್ನೇ ನೆಚ್ಚಿದ್ದು ಇದರ ದೊಡ್ಡ ಕೊರತೆ. ಜುರ್ಕೊವಿಕ್ ಮುಂದೆ ಇದನ್ನು ತಿದ್ದಿ, ಅಡುಗೆ, ದುಡ್ಡುಕಾಸು ನೋಡಿಕೊಳ್ಳುವಂಥ ಮನೆಗೆಲಸದ ಹೊಣೆ, ತಾಯಿಯ ಅಳುವಿಗೆ ಹೆಗಲಾಗುವಂಥ ಭಾವನೆಯ ಹೊಣೆ ಮತ್ತು ಅನ್ಯಾಯದ ಅರಿವು, ಈ ಮೂರನ್ನೂ ಬೇರೆ ಬೇರೆಯಾಗಿ ಅಳೆದರು. ಈ ಕ್ಷೇತ್ರದ ನಿಜವಾದ ತಿರುವು ಇದೇ. ಎರಡು ಮನೆಗಳ ಮಕ್ಕಳು ಒಂದೇ ಕೆಲಸ ಮಾಡಿದರೂ ಶಹಭಾಸ್ ಎನಿಸಿಕೊಂಡ ಮಗುವಿನ ಮನಸ್ಸು ಬೇರೆ, ಯಾರ ಕಣ್ಣಿಗೂ ಬೀಳದ ಮಗುವಿನದ್ದು ಬೇರೆ. ಲಿಸಾ ಹೂಪರ್ ಅವರ 22 ಅಂಶಗಳ ಮಾಪಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಣೆ ಹೊತ್ತದ್ದರಿಂದ ಆದ ಲಾಭವನ್ನೂ ಕೇಳಿತು.

ಬ್ರಿಟನ್ನಿನಲ್ಲಿ ಇಂಥ ಮಕ್ಕಳನ್ನು ಎಳೆಯ ಆರೈಕೆದಾರರು ಎನ್ನುತ್ತಾರೆ. ಅಲ್ಲಿ 1993ರಲ್ಲಿ ಜೋ ಆಲ್ಡ್ರಿಜ್ ಮತ್ತು ಸಾಲ್ ಬೆಕರ್ ನಾಟಿಂಗ್‌ಹ್ಯಾಮ್‌ನ ಎಳೆಯ ಆರೈಕೆದಾರರನ್ನೇ ಮಾತನಾಡಿಸಿದರು. 2009ರಲ್ಲಿ ಸ್ಟೀಫನ್ ಜೋಸೆಫ್, ಬೆಕರ್ ಮತ್ತಿತರರು ಮಕ್ಕಳೇ ತುಂಬಬಹುದಾದ ಮಾಪಕ ಪ್ರಕಟಿಸಿದರು. ಕಳೆದ ಒಂದು ತಿಂಗಳಲ್ಲಿ ಮಾಡಿದ ಕೆಲಸಗಳ ಬಗ್ಗೆ 18 ಪ್ರಶ್ನೆ: ಮನೆ ಗುಡಿಸಿದ್ದು, ಬಿಲ್ಲು ಕಟ್ಟಿದ್ದು, ಸ್ನಾನ ಮಾಡಿಸಿದ್ದು, ಒಬ್ಬರೇ ಇರಬಾರದೆಂದು ಜೊತೆಗೆ ಕೂತದ್ದು, ತಮ್ಮ-ತಂಗಿಯರನ್ನು ನೋಡಿಕೊಂಡದ್ದು. ಇಲ್ಲ ಎಂದರೆ 0, ಒಮ್ಮೊಮ್ಮೆ ಎಂದರೆ 1, ಬಹಳ ಸಲ ಎಂದರೆ 2, ಹೆಚ್ಚೆಂದರೆ ಒಟ್ಟು 36. ಈ ಆರೈಕೆ ಮನಸ್ಸಿನ ಮೇಲೆ ಮಾಡುವ ಒಳ್ಳೆಯ-ಕೆಟ್ಟ ಪರಿಣಾಮಗಳಿಗೆ 20 ಪ್ರಶ್ನೆಗಳ ಪ್ರತ್ಯೇಕ ಮಾಪಕವಿದೆ.

ಯಾರನ್ನು ಕೇಳುತ್ತೇವೆ ಎಂಬುದರ ಮೇಲೂ ಉತ್ತರ ನಿಂತಿದೆ. 2011ರ ಜನಗಣತಿಯಲ್ಲಿ ಇಂಗ್ಲೆಂಡಿನ 5ರಿಂದ 17 ವರ್ಷದ ಆರೈಕೆದಾರರು ಸುಮಾರು 1.66 ಲಕ್ಷ. ಅದಕ್ಕೆ ಮುಂಚಿನ ವರ್ಷ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಬಿಬಿಸಿ ಜೊತೆ ಶಾಲಾಮಕ್ಕಳನ್ನೇ ಕೇಳಿ ಕಟ್ಟಿದ ಅಂದಾಜು ಇಡೀ ಬ್ರಿಟನ್ನಿಗೆ ಸುಮಾರು 7 ಲಕ್ಷ. ಪ್ರದೇಶ ಬೇರೆಯೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದೇ. ಗಣತಿಯ ನಮೂನೆ ತುಂಬುವವರು ಸಾಮಾನ್ಯವಾಗಿ ಮನೆಯ ಹಿರಿಯರು. ಮಗುವಿನ ದುಡಿಮೆಯನ್ನು ಅವರು ಆರೈಕೆಯೆಂದು ಬರೆಸುವುದು ಕಡಿಮೆ. ಈ ಮಕ್ಕಳನ್ನು ಗುರುತಿಸುವುದು ಬರೀ ಸಂಶೋಧನೆಯ ಮಾತಲ್ಲ: ಇಂಗ್ಲೆಂಡಿನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯ ಪ್ರಕಾರ, ಎಳೆಯ ಆರೈಕೆದಾರರ ಅಗತ್ಯಗಳನ್ನು ಪರಿಶೀಲಿಸುವುದು ಸ್ಥಳೀಯಾಡಳಿತದ ಕರ್ತವ್ಯ.