ಮೊಯಾಯಿ ನಾವೊಶಿ

ಪಾದರಸ ಮಾಲಿನ್ಯದಿಂದ ಒಡೆದ ಜನಜೀವನವನ್ನು ಮತ್ತೆ ಬೆಸೆಯಲು ಜಪಾನಿನ ಮಿನಮಾತ ನಗರದಲ್ಲಿ 1990ರ ದಶಕದಲ್ಲಿ ನಡೆದ ಪ್ರಯತ್ನ. ‘ಮೊಯಾಯಿ’ ಎಂದರೆ ದೋಣಿಗಳನ್ನು ಒಂದಕ್ಕೊಂದು ಕಟ್ಟುವುದು. ‘ನಾವೊಶಿ’ ಎಂದರೆ ಸರಿಪಡಿಸುವುದು. ಚಿಸ್ಸೊ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಮೀಥೈಲ್ ಪಾದರಸ ಮೀನು, ಚಿಪ್ಪುಜೀವಿಗಳ ಮೂಲಕ ಜನರ ನರಮಂಡಲವನ್ನು ಹಾಳುಗೆಡವಿತು. ರೋಗ 1956ರಲ್ಲೇ ಅಧಿಕೃತವಾಗಿ ದಾಖಲಾದರೂ ಸರ್ಕಾರ ಅದರ ಕಾರಣವನ್ನು ಒಪ್ಪಿದ್ದು 1968ರಲ್ಲಿ. ಈ ವಿಳಂಬದಲ್ಲಿ, ಕಾರ್ಖಾನೆಯನ್ನೇ ನಂಬಿ ಬದುಕಿದ್ದ ಊರು ರೋಗಿಗಳನ್ನು ದೂರವಿಟ್ಟಿತು. ಆದ್ದರಿಂದ ಹೂಳೆತ್ತಿ, ಕೊಲ್ಲಿಯ 58 ಹೆಕ್ಟೇರ್ ಭಾಗವನ್ನು ನೆಲವಾಗಿಸಿದ್ದು ನೀರಿನ ವಿಷವನ್ನು ತಗ್ಗಿಸಿತೇ ಹೊರತು ನೆರೆಹೊರೆಯ ಬಿರುಕನ್ನು ಮುಚ್ಚಲಿಲ್ಲ.

ಆ ಕೆಲಸ ಜನರಿಂದಲೇ ಆಗಬೇಕಿತ್ತು. 1994ರಲ್ಲಿ ಮೇಯರ್ ಯೊಶಿಯಿ ಮಸಾಜುಮಿ ಸಂತ್ರಸ್ತರ ಕ್ಷಮೆ ಕೇಳಿದರು. ನಿವಾಸಿಗಳು ಕಸವನ್ನು ಸುಮಾರು 20 ಬಗೆಯಾಗಿ ವಿಂಗಡಿಸುವ ಶಿಸ್ತನ್ನು ಕೂಡಿ ಬೆಳೆಸಿದರು. ಸಂತ್ರಸ್ತರು ಆ ಹೊಸ ನೆಲದಲ್ಲಿ ಕಲ್ಲಿನ ವಿಗ್ರಹಗಳನ್ನು ಕೆತ್ತಿ ನಿಲ್ಲಿಸಿದರು, ತಮ್ಮ ಬದುಕನ್ನು ಮಕ್ಕಳಿಗೆ ಹೇಳಿದರು. ಸಾಮರಸ್ಯದ ಮಾತು ಪರಿಹಾರದ ಹಕ್ಕನ್ನು ಮಸುಕಾಗಿಸುತ್ತದೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ನೆರೆಯವರು ಹೀಗಳೆಯುವ ಊರಿನಲ್ಲಿ ರೋಗಿ ಹಕ್ಕು ಕೇಳಲೂ ಅಂಜುತ್ತಾನೆ. ಬಾಂಧವ್ಯ ನ್ಯಾಯಕ್ಕೆ ಬದಲಿಯಲ್ಲ, ಅದಕ್ಕೆ ನೆಲೆ. 2013ರಲ್ಲಿ ಪಾದರಸ ನಿಯಂತ್ರಣದ ಜಾಗತಿಕ ಒಪ್ಪಂದಕ್ಕೆ ಈ ಊರಿನ ಹೆಸರನ್ನೇ ಇಡಲಾಯಿತು.